‘ಇನ್‌ಕಲ್ಕೇಟ್’ ಎಂದರೇನು? ಬಳಸುವುದು ಹೇಗೆ? ಶಾಲೆಯ ಪ್ರಾಸ್ಪೆಕ್ಟಸ್‌ನಿಂದ ಎಣ್ಣೂರಿನ ಅಳಿವೆವರೆಗೆ ಒಂದು ಪದದ ಕಥೆ

ಯಾವುದಾದರೂ ಇಂಗ್ಲಿಷ್ ಮಾಧ್ಯಮ ಶಾಲೆಯ ಪ್ರಾಸ್ಪೆಕ್ಟಸ್ ಕೈಗೆತ್ತಿಕೊಳ್ಳಿ. ಮೊದಲ ಎರಡು ಪುಟದೊಳಗೆ ‘ಇನ್‌ಕಲ್ಕೇಟ್’ ಎಂಬ ಕ್ರಿಯಾಪದ ಸಿಗುವ ಸಾಧ್ಯತೆ ಹೆಚ್ಚು. ಶಿಸ್ತು, ಪ್ರಾಮಾಣಿಕತೆ, ದೇಶಪ್ರೇಮ, ಪರಿಸರ ಕಾಳಜಿ ಎಲ್ಲವನ್ನೂ ಮಕ್ಕಳಲ್ಲಿ ‘ಇನ್‌ಕಲ್ಕೇಟ್’ ಮಾಡುತ್ತೇವೆ ಎಂಬ ಭರವಸೆ ಅಲ್ಲಿರುತ್ತದೆ. ಘಟಿಕೋತ್ಸವ ಭಾಷಣಗಳಲ್ಲೂ ಇದೇ ಪದ. ಅದೇ ಭಾಷಣ ಕನ್ನಡ ಸುದ್ದಿಯಾಗುವಾಗ ‘ಮಕ್ಕಳಲ್ಲಿ ಮೌಲ್ಯ ಬಿತ್ತಿ’ ಎಂಬ ಶೀರ್ಷಿಕೆ ಬೀಳುತ್ತದೆ.

ಶೀರ್ಷಿಕೆ ಚೆನ್ನಾಗಿಯೇ ಇದೆ. ಆದರೆ ಮೂಲದಲ್ಲಿ ಈ ಪದಕ್ಕೂ ಬಿತ್ತನೆಗೂ ಸಂಬಂಧವೇ ಇಲ್ಲ. ಬೀಜವೂ ಇಲ್ಲ, ಹೊಲವೂ ಇಲ್ಲ. ಇರುವುದು ಹಿಮ್ಮಡಿ!

ಹಿಮ್ಮಡಿ ಎಲ್ಲಿಂದ ಬಂತು?

ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಲ್ಕ್ಸ್’ ಎಂದರೆ ಕಾಲಿನ ಹಿಮ್ಮಡಿ. ಅದರಿಂದ ಹುಟ್ಟಿದ ಕ್ರಿಯಾಪದ ‘ಕಲ್ಕಾರೆ’, ಅಂದರೆ ತುಳಿಯುವುದು. ಅದಕ್ಕೆ ‘ಇನ್’ ಸೇರಿದಾಗ ‘ಇನ್‌ಕುಲ್ಕಾರೆ’ ಆಯಿತು. ಹಿಮ್ಮಡಿಯಿಂದ ಒತ್ತಿ ಒಳಕ್ಕೆ ಇಳಿಸುವುದು ಎಂದು ಅದರ ಅರ್ಥ. 16ನೇ ಶತಮಾನದಲ್ಲಿ ಇದು ಇಂಗ್ಲಿಷಿಗೆ ಬಂದಾಗ ತುಳಿಯುವ ಕಾಲು ಮರೆಯಾಗಿ, ಮತ್ತೆ ಮತ್ತೆ ಹೇಳಿ ಮನಸ್ಸಿನಲ್ಲಿ ಕೂರಿಸುವುದು ಎಂಬ ಅರ್ಥ ಉಳಿಯಿತು. ಒಂದು ಸಲ ಹೇಳಿದರೆ ಅದು ‘ಇನ್‌ಕಲ್ಕೇಟ್’ ಅಲ್ಲ. ಒಂದು ಸಲ ಹೇಳುವುದಕ್ಕೆ ತಿಳಿಸು, ಕಲಿಸು ಎಂಬರ್ಥದ ಬೇರೆ ಪದಗಳಿವೆ. ಪುನರಾವರ್ತನೆ ಇದ್ದರೆ ಮಾತ್ರ ಈ ಪದಕ್ಕೆ ಕೆಲಸ.

ಇದೇ ಹಿಮ್ಮಡಿಯ ಮನೆತನಕ್ಕೆ ಇನ್ನಿಬ್ಬರು ಸೇರಿದ್ದಾರೆ. ಒಂದು ‘ರಿಕ್ಯಾಲ್ಸಿಟ್ರಂಟ್’. ಹೇಳಿದ ಮಾತು ಕೇಳದ, ಹಠ ಹಿಡಿದು ಎದುರು ನಿಲ್ಲುವವರಿಗೆ ಬಳಸುವ ಗುಣವಾಚಕ. ಹಿಂದಕ್ಕೆ ಒದೆಯುವುದು ಎಂಬುದು ಅದರ ಮೂಲಾರ್ಥ. ಮೂಗುದಾರ ಹಾಕಲು ಹೋದಾಗ ಝಾಡಿಸಿ ಒದೆಯುವ ಹೋರಿಯನ್ನು ನೆನಪಿಸಿಕೊಂಡರೆ ಪದ ಮರೆಯುವುದಿಲ್ಲ. ಇನ್ನೊಂದು ‘ಕಾಕ್’. ಮರದ ದೋಣಿಯ ಹಲಗೆಗಳ ಸಂದಿಯಲ್ಲಿ ನೀರು ನುಗ್ಗದಂತೆ ನಾರು, ನೂಲು ತುರುಕಿ ಗಟ್ಟಿಯಾಗಿ ಜಡಿಯುವುದಕ್ಕೆ ಇಂಗ್ಲಿಷ್‌ನಲ್ಲಿ ಹೀಗೆನ್ನುತ್ತಾರೆ. ಇದೂ ತುಳಿಯುವ ‘ಕಲ್ಕಾರೆ’ಯಿಂದಲೇ ಬಂದದ್ದು. ಮಾತನ್ನು ಮನಸ್ಸಿಗೆ ಒತ್ತುವುದು, ನಾರನ್ನು ಸಂದಿಗೆ ಒತ್ತುವುದು, ಒತ್ತಲು ಬಂದವರನ್ನು ಒದೆಯುವುದು ಮೂರೂ ಒಂದೇ ಮೂಲದವು ಎಂದರೆ ನಂಬುವುದು ಕಷ್ಟ. ಅಂದಹಾಗೆ ‘ಕ್ಯಾಲ್ಸಿಯಂ’ ಇವರ ನೆಂಟನಲ್ಲ. ಅದು ಸುಣ್ಣಕಲ್ಲು ಎಂಬರ್ಥದ ಇನ್ನೊಂದು ‘ಕ್ಯಾಲ್ಕ್ಸ್’ನಿಂದ ಬಂದದ್ದು. ಉಚ್ಚಾರ ಒಂದೇ ಆದರೂ ಪದ ಬೇರೆ.

ಬಳಸುವಾಗ ಎಡವುವುದು ಎಲ್ಲಿ?

‘ಇನ್‌ಕಲ್ಕೇಟ್’ ಸಕರ್ಮಕ ಕ್ರಿಯಾಪದ. ಇದರ ಕರ್ಮ ಮಗುವಲ್ಲ, ಮೌಲ್ಯ. ‘ಇನ್‌ಕಲ್ಕೇಟ್ ಡಿಸಿಪ್ಲಿನ್ ಇನ್ ಸ್ಟೂಡೆಂಟ್ಸ್’ ಎಂಬುದು ರೂಢಿಯ ಪ್ರಯೋಗ. ಮೊದಲು ಏನನ್ನು ಕೂರಿಸುತ್ತೇವೋ ಅದು, ಆಮೇಲೆ ಯಾರಲ್ಲಿ ಎಂಬುದು. ‘ಇನ್’ ಬದಲು ‘ಇನ್‌ಟು’ ಬಂದರೂ ನಡೆಯುತ್ತದೆ. ‘ಇನ್‌ಕಲ್ಕೇಟ್ ಸ್ಟೂಡೆಂಟ್ಸ್ ವಿತ್ ಡಿಸಿಪ್ಲಿನ್’ ಎಂಬ ಪ್ರಯೋಗವನ್ನೂ ಕೆಲವು ನಿಘಂಟುಗಳು ಕೊಡುತ್ತವೆ. ಆದರೆ ಪರೀಕ್ಷೆ ಬರೆಯುವವರು, ಅರ್ಜಿ ಬರೆಯುವವರು ಮೊದಲಿನದನ್ನೇ ಹಿಡಿದುಕೊಳ್ಳುವುದು ಕ್ಷೇಮ.

ಹತ್ತಿರದ ಪದಗಳಲ್ಲಿ ‘ಇನ್‌ಸ್ಟಿಲ್’ ಎಲ್ಲರಿಗೂ ಪರಿಚಿತ. ಅದರ ಮೂಲದಲ್ಲಿರುವ ಲ್ಯಾಟಿನ್ ಪದಕ್ಕೆ ಹನಿ ಎಂದು ಅರ್ಥ. ಹನಿಹನಿಯಾಗಿ ಇಳಿಸುವುದೇ ‘ಇನ್‌ಸ್ಟಿಲ್’. ಕಣ್ಣಿಗೆ ಔಷಧಿ ಹನಿ ಬಿಡುವುದಕ್ಕೆ ವೈದ್ಯರು ಇಂದಿಗೂ ಇದೇ ಪದದ ನಾಮರೂಪ ಬಳಸುತ್ತಾರೆ. ಅಜ್ಜಿ ಕಥೆ ಹೇಳುತ್ತಾ ಕಲಿಸಿದ್ದು ‘ಇನ್‌ಸ್ಟಿಲ್’ ಆದರೆ, ಹೆಡ್‌ಮಾಸ್ಟರ್ ದಿನಾ ಪ್ರಾರ್ಥನೆಯ ಹೊತ್ತಿಗೆ ಹೇಳಿ ಹೇಳಿ ಕೂರಿಸಿದ್ದು ‘ಇನ್‌ಕಲ್ಕೇಟ್’. ‘ಇನ್‌ಡಾಕ್ಟ್ರಿನೇಟ್’ ಎಂದರೆ ಪ್ರಶ್ನೆ ಕೇಳಲು ಬಿಡದೆ ತಲೆ ತುಂಬುವುದು. ಅಲ್ಲಿ ಕರ್ಮ ಮೌಲ್ಯವಲ್ಲ, ನೇರವಾಗಿ ಮನುಷ್ಯನೇ. ಇನ್ನು ‘ಇನ್‌ಕಲ್ಪೇಟ್’ ಎಂದು ಬರೆದರೆ ಕೆಲಸ ಕೆಟ್ಟಿತು. ಅದರರ್ಥ ಆರೋಪ ಹೊರಿಸುವುದು. ಒಂದಕ್ಷರ ತಪ್ಪಿದರೆ ಮೌಲ್ಯ ಬಿತ್ತುವ ಶಾಲೆ ಮಕ್ಕಳ ಮೇಲೆ ಕೇಸು ಹಾಕಿದಂತೆ.

ಕನ್ನಡದಲ್ಲಿ ಏನೆನ್ನಬೇಕು?

ಕನ್ನಡಕ್ಕೆ ಪದಗಳ ಕೊರತೆ ಇಲ್ಲ. ಬಿತ್ತು, ಮೈಗೂಡಿಸು, ರೂಢಿಸು, ಮನಸ್ಸಿಗೆ ನಾಟಿಸು, ಅಚ್ಚೊತ್ತು, ಧಾರೆ ಎರೆ ಎಲ್ಲವೂ ಇವೆ. ಇವುಗಳಲ್ಲಿ ‘ಧಾರೆ ಎರೆ’ ಇಂಗ್ಲಿಷಿನ ‘ಇನ್‌ಸ್ಟಿಲ್’ಗೆ ಹತ್ತಿರ, ಎರಡರಲ್ಲೂ ಇರುವುದು ದ್ರವ. ‘ಅಚ್ಚೊತ್ತು’ವಿನಲ್ಲಿ ಒತ್ತಡ ಇದೆ, ಆದರೆ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ. ‘ರೂಢಿಸು’ ಎಂಬುದರಲ್ಲಿ ಮಾತ್ರ ದಿನದಿನವೂ ಮಾಡುವ ಅರ್ಥ ಉಳಿದಿದೆ. ಸುದ್ದಿಯಲ್ಲಿ ‘ಇನ್‌ಕಲ್ಕೇಟ್’ ಬಂದರೆ ‘ರೂಢಿಸು’ ಎಂದು ಬರೆಯುವುದೇ ಹೆಚ್ಚು ನಿಖರ. ಬಿತ್ತುವುದು ಓದಲು ಚೆಂದ, ಅಷ್ಟೇ.

‘ಮೈಗೂಡಿಸಿಕೊಳ್ಳಿ’ ಎಂಬ ರೂಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಪದದಲ್ಲಿ ಕೆಲಸ ಮಾಡುವವರು ದೊಡ್ಡವರು. ಕನ್ನಡದ ‘ಕೊಳ್ಳಿ’ ಸೇರಿದ ಕೂಡಲೇ ಕೆಲಸ ಮಕ್ಕಳ ತಲೆಗೆ ಬೀಳುತ್ತದೆ. ‘ವಿದ್ಯಾರ್ಥಿಗಳು ಪ್ರಾಮಾಣಿಕತೆ ಮೈಗೂಡಿಸಿಕೊಳ್ಳಬೇಕು’ ಎಂದು ವೇದಿಕೆಯಿಂದ ಕರೆ ಕೊಟ್ಟವರು ಕಾರು ಹತ್ತಿ ಹೋಗಬಹುದು. ವ್ಯಾಕರಣವೇ ಅವರನ್ನು ಹೊಣೆಯಿಂದ ಪಾರು ಮಾಡಿರುತ್ತದೆ.

‘ತುಳಿ’ ಎಂಬ ಪದಕ್ಕೂ ಕನ್ನಡದಲ್ಲಿ ಎರಡು ಮುಖಗಳಿವೆ. ಗೋಡೆ ಕಟ್ಟುವ ಮಣ್ಣನ್ನು ನೀರು ಹಾಕಿ ತುಳಿದು ಹದ ಮಾಡುತ್ತಾರೆ. ತುಳಿದಷ್ಟೂ ಮಣ್ಣು ಗಟ್ಟಿ. ಅದೇ ತುಳಿತ ಮನುಷ್ಯರ ಮೇಲೆ ಬಿದ್ದರೆ ಅವರನ್ನು ‘ತುಳಿತಕ್ಕೊಳಗಾದವರು’ ಎನ್ನುತ್ತೇವೆ. ‘ಇನ್‌ಕಲ್ಕೇಟ್’ ಎಂಬುದರ ಹಿಮ್ಮಡಿಗೂ ಈ ಎರಡೂ ಕೆಲಸ ಗೊತ್ತು. ಹೇಳಿ ಹೇಳಿ ಕೂರಿಸುವುದು ಯಾವಾಗಲೂ ಒಳ್ಳೆಯದನ್ನೇ ಆಗಿರಬೇಕೆಂದಿಲ್ಲ. ಒಂದು ಜಾಗ ನಿಷ್ಪ್ರಯೋಜಕ, ಅಲ್ಲಿನವರು ಲೆಕ್ಕಕ್ಕಿಲ್ಲದವರು ಎಂಬುದನ್ನೂ ಹೀಗೇ ಕೂರಿಸಬಹುದು. ಚೆನ್ನೈನ ಉತ್ತರ ತುದಿಯ ಎಣ್ಣೂರಿಗೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ.

ಎಣ್ಣೂರಿನ ಒಂದು ಪದ

ಕೊಸಸ್ತಲೈಯಾರ್ ನದಿ ಬಂಗಾಳ ಕೊಲ್ಲಿ ಸೇರುವ ಜಾಗ ಎಣ್ಣೂರು. ಚೆನ್ನೈಗೆ ಕುಡಿಯುವ ನೀರು ಕೊಡುವ, 1944ರಲ್ಲಿ ಕಟ್ಟಿದ ಪೂಂಡಿ ಜಲಾಶಯ ಇರುವುದು ಇದೇ ನದಿಗೆ. ಜಲಾಶಯ ತುಂಬಿ ಹೆಚ್ಚಾದ ನೀರು ಕೊನೆಗೆ ಎಣ್ಣೂರಿನ ಅಳಿವೆಯ ಮೂಲಕವೇ ಸಮುದ್ರಕ್ಕೆ ಹೋಗಬೇಕು. ಸಮುದ್ರದ ಉಬ್ಬರಕ್ಕೂ ಮಳೆಗಾಲದ ನೆರೆಗೂ ಹಿಗ್ಗಿ ಕುಗ್ಗಿ ಜಾಗ ಕೊಡುವ ಕೆಸರುಬಯಲು, ಉಪ್ಪಿನ ಹೊಲ, ಕಾಂಡ್ಲಾ ಗಿಡಗಳ ಪ್ರದೇಶ ಇದು. ಕಾಟ್ಟುಕುಪ್ಪಂ, ಮುಗತ್ವಾರಕುಪ್ಪಂ, ಶಿವನ್‌ಪಡೈಕುಪ್ಪಂ ಮುಂತಾದ ಮೀನುಗಾರರ ಹಳ್ಳಿಗಳು ಇದರ ದಡದಲ್ಲಿವೆ. ಸಿಗಡಿ, ಏಡಿ, ಹಿನ್ನೀರಿನ ಮೀನು ಇವರ ಜೀವನ. ಕೆಸರಿನಲ್ಲಿ ಕೈಯಾಡಿಸಿಯೇ ಸಿಗಡಿ ಹಿಡಿಯುವ ಮಹಿಳೆಯರು ಈಗಲೂ ಇದ್ದಾರೆ.

ಇಂಥ ಜಾಗಕ್ಕೆ ತಮಿಳು ಕಂದಾಯ ಭಾಷೆಯಲ್ಲಿ ಒಂದು ಹೆಸರಿದೆ: ‘ಪುರಂಬೋಕ್ಕು’. ಆಡುಮಾತಿನಲ್ಲಿ ಪೊರಂಬೋಕ್ಕು. ಕನ್ನಡ ಬಲ್ಲವರಿಗೆ ಈ ಪದ ಬಿಡಿಸಲು ನಿಘಂಟು ಬೇಡ. ತಮಿಳಿನ ‘ಪುರಂ’ ನಮ್ಮ ಹಳಗನ್ನಡದ ‘ಪೊರ’, ಇಂದಿನ ‘ಹೊರ’. ‘ಪೋಕ್ಕು’ವಿನ ಬೇರು ನಮ್ಮ ‘ಪೋಗು’, ಅಂದರೆ ‘ಹೋಗು’. ಒಟ್ಟಿನಲ್ಲಿ ಹೊರಗೆ ಹೋದದ್ದು. ಯಾವುದರ ಹೊರಗೆ? ಕಂದಾಯದ ಲೆಕ್ಕದ ಹೊರಗೆ. ಕೆರೆ, ಹಳ್ಳ, ದಾರಿ, ಮೇವಿನ ಬಯಲು, ಸ್ಮಶಾನ, ಅಳಿವೆ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಹಾಗಾಗಿ ತೆರಿಗೆಯೂ ಇಲ್ಲ. ಎಲ್ಲರಿಗೂ ಬೇಕಾದ ಜಾಗ ಎಂಬುದೇ ಅದರ ಅರ್ಥವಾಗಿತ್ತು.

ಈಗ ಚೆನ್ನೈನ ಬೀದಿಯಲ್ಲಿ ಯಾರನ್ನಾದರೂ ಪೊರಂಬೋಕ್ಕು ಎಂದು ಕರೆದು ನೋಡಿ, ಜಗಳ ಗ್ಯಾರಂಟಿ. ಕೆಲಸಕ್ಕೆ ಬಾರದವನು, ದಿಕ್ಕುದೆಸೆ ಇಲ್ಲದವನು ಎಂಬ ಬೈಗುಳ ಅದು. ಬೆಂಗಳೂರಿನಲ್ಲಿ ಕೇಳಿಬರುವ ‘ಪೊರ್ಕಿ’ಯನ್ನು ಕೆಲವರು ಇದರ ಜೊತೆ ಗಂಟು ಹಾಕುತ್ತಾರೆ. ಅದು ಬೇರೆ ಪದ, ಆಯುವವನು ಎಂಬರ್ಥದ ತಮಿಳು ಮಾತಿನಿಂದ ಬಂದದ್ದು. ಬೀದಿಯಲ್ಲಿ ಆಯ್ದು ಬದುಕುವವರ ಬಗ್ಗೆ ಸಮಾಜಕ್ಕಿದ್ದ ತಾತ್ಸಾರ ಅಲ್ಲೂ ಬೈಗುಳವಾಗಿದೆ ಎಂಬುದಷ್ಟೇ ಎರಡಕ್ಕೂ ಇರುವ ಸಾಮ್ಯ.

ಎಲ್ಲರಿಗೂ ಸೇರಿದ್ದು ಎಂಬ ಪದ ಯಾರಿಗೂ ಬೇಡವಾದದ್ದು ಎಂದಾಗಿದ್ದು ಒಂದೇ ದಿನದಲ್ಲಲ್ಲ. ಅದಕ್ಕೆ ಯಾರೂ ಆದೇಶ ಹೊರಡಿಸಿರಲಿಲ್ಲ. ತೆರಿಗೆ ಕೊಡುವ ಭೂಮಿಗೆ ಬೆಲೆ, ಕೊಡದ ಭೂಮಿ ಬರೀ ಖಾಲಿ ಎಂಬ ಲೆಕ್ಕಾಚಾರ ಬ್ರಿಟಿಷರ ಕಾಲದ ಕಂದಾಯ ಆಡಳಿತದಲ್ಲಿ ಗಟ್ಟಿಯಾಯಿತು. ಕಚೇರಿಯ ಕಡತದಲ್ಲಿ, ದಲ್ಲಾಳಿಯ ಬಾಯಲ್ಲಿ, ಮನೆಯ ಜಗಳದಲ್ಲಿ ಅದೇ ಪದ ಅದೇ ಧಾಟಿಯಲ್ಲಿ ಮರುಕಳಿಸುತ್ತಾ ಹೋಯಿತು. ಯಾವ ಪ್ರಾಸ್ಪೆಕ್ಟಸ್ಸೂ ಇಲ್ಲದೆ ಒಂದು ಮೌಲ್ಯ ಜನರ ಮನಸ್ಸಿನಲ್ಲಿ ಕೂತಿತು. ‘ಇನ್‌ಕಲ್ಕೇಟ್’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಆ ಮೌಲ್ಯದ ಬೆಲೆ ತೆತ್ತದ್ದು ಎಣ್ಣೂರು. 1970ರ ಹೊತ್ತಿಗೆ ಇಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಶುರುವಾಯಿತು. 1990ರ ದಶಕದಲ್ಲಿ ಉತ್ತರ ಚೆನ್ನೈ ಶಾಖೋತ್ಪನ್ನ ಸ್ಥಾವರ ಬಂತು. ಆಮೇಲೆ ವಲ್ಲೂರಿನಲ್ಲಿ 1,500 ಮೆಗಾವ್ಯಾಟ್‌ನ ಇನ್ನೊಂದು. 2001ರಲ್ಲಿ ಬಂದರು ಆರಂಭವಾಯಿತು, ಅದಕ್ಕೀಗ ಕಾಮರಾಜರ್ ಬಂದರು ಎಂದು ಹೆಸರು. ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಬೂದಿಹೊಂಡಕ್ಕೆ ಸಾಗಿಸುತ್ತಾರೆ. ಕೊಳವೆ ಸೋರಿದಾಗಲೆಲ್ಲ ಬೂದಿ ನದಿಗೆ, ಅಳಿವೆಗೆ. ರಾಯಚೂರಿನ ಶಕ್ತಿನಗರದ ಸುತ್ತಲಿನವರಿಗೆ, ಉಡುಪಿಯ ಎಲ್ಲೂರಿನವರಿಗೆ ಹಾರುಬೂದಿ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಎಣ್ಣೂರಿನಲ್ಲಿ ಅದು ನೀರಿನ ತಳದಲ್ಲಿ ಕೂತು ನದಿಯ ಆಳವನ್ನೇ ಕಡಿಮೆ ಮಾಡಿತು. ದೋಣಿ ತೇಲುತ್ತಿದ್ದ ಕಡೆ ಜನ ನಡೆದು ಹೋಗುವಂತಾಯಿತು. ಮೀನುಗಾರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮೆಟ್ಟಿಲು ಹತ್ತಬೇಕಾಯಿತು.

ನಕ್ಷೆಯದ್ದೂ ಒಂದು ಕಥೆಯಿದೆ. 1996ರಲ್ಲಿ ಅನುಮೋದನೆಯಾದ ಕರಾವಳಿ ನಕ್ಷೆಯಲ್ಲಿ ಎಣ್ಣೂರಿನ ಅಳಿವೆ ಪ್ರದೇಶ ಇತ್ತು, ಆಮೇಲೆ ಬಳಕೆಗೆ ಬಂದ ಇನ್ನೊಂದು ನಕ್ಷೆಯಲ್ಲಿ ಅದು ಮಾಯವಾಗಿತ್ತು ಎಂಬುದು ಪರಿಸರ ಹೋರಾಟಗಾರರ ಆರೋಪ. ಸಾವಿರಾರು ಎಕರೆ ನೀರು ಕಾಗದದ ಮೇಲೆ ಕಾಣೆಯಾಗುವುದು ಎಂದರೆ, ಆ ನೀರು ಲೆಕ್ಕಕ್ಕಿಲ್ಲ ಎಂಬ ಪಾಠ ಎಷ್ಟು ಚೆನ್ನಾಗಿ ಮನದಟ್ಟಾಗಿರಬೇಕು!

ಪಠ್ಯದಲ್ಲಿ ಒಂದು, ಕಿಟಕಿಯಾಚೆ ಇನ್ನೊಂದು

ಪರಿಸರ ಪ್ರೀತಿಯನ್ನು ರೂಢಿಸುವ ಪ್ರಯತ್ನವೇ ಆಗಿಲ್ಲ ಎನ್ನುವಂತಿಲ್ಲ. ದೇಶದಲ್ಲಿ ಅದು ಸುಪ್ರೀಂ ಕೋರ್ಟ್ ಆದೇಶದ ಮಟ್ಟದಲ್ಲೇ ನಡೆದಿದೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ದಾವೆಯಲ್ಲಿ 1991ರ ನವೆಂಬರ್ 22ರಂದು ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಓದಿದರೆ ‘ಇನ್‌ಕಲ್ಕೇಟ್’ ಎಂಬ ಪದದ ಪ್ರಾಯೋಗಿಕ ಪಾಠದಂತಿವೆ. ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲೂ ಪರಿಸರದ ಬಗ್ಗೆ ಕನಿಷ್ಠ 2 ಸ್ಲೈಡ್‌ಗಳನ್ನು ಉಚಿತವಾಗಿ ತೋರಿಸಬೇಕು. ರೇಡಿಯೊ, ದೂರದರ್ಶನ ದಿನವೂ ಸ್ವಲ್ಪ ಹೊತ್ತು ಇದಕ್ಕೆ ಕೊಡಬೇಕು. ಶಾಲಾ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು. 2003ರ ಡಿಸೆಂಬರ್‌ನಲ್ಲಿ ಕೋರ್ಟ್ ಮತ್ತೆ ಮಧ್ಯಪ್ರವೇಶಿಸಿ, ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಮಾದರಿ ಪಠ್ಯಕ್ರಮವನ್ನು ರಾಜ್ಯಗಳು ಜಾರಿಗೆ ತರಬೇಕು ಎಂದಿತು. ಪದವಿ ಓದಿದವರಿಗೆಲ್ಲ ನೆನಪಿರುವ ‘ಪರಿಸರ ಅಧ್ಯಯನ’ ಪತ್ರಿಕೆ, ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ಆ ಪತ್ರಿಕೆ, ಬಂದದ್ದು ಹೀಗೆ.

ಎಣ್ಣೂರಿನ ಮಕ್ಕಳಿಗೂ ಇದೇ ಪಾಠ. ನದಿ ಕಾಪಾಡಬೇಕು, ಕಾಂಡ್ಲಾ ಕಾಡು ಉಳಿಸಬೇಕು ಎಂದು ಪುಸ್ತಕ ಹೇಳುತ್ತದೆ. ಅವರ ಕಿಟಕಿಯಾಚೆಗೆ ಕಂಡದ್ದೇನು? 2017ರ ಜನವರಿ 28ರಂದು ಕಾಮರಾಜರ್ ಬಂದರಿನ ಹೊರಗೆ ‘ಬಿಡಬ್ಲ್ಯು ಮೇಪಲ್’ ಮತ್ತು ‘ಡಾನ್ ಕಾಂಚೀಪುರಂ’ ಎಂಬ ಎರಡು ಹಡಗುಗಳು ಡಿಕ್ಕಿಯಾಗಿ ಎಣ್ಣೆ ದಡಕ್ಕೆ ಬಡಿಯಿತು. ಜನ ಬಕೆಟ್ ಹಿಡಿದು ಅದನ್ನು ಮೊಗೆಯುತ್ತಿದ್ದ ಚಿತ್ರಗಳನ್ನು ದೇಶವೇ ನೋಡಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮತ್ತೆ ಎಣ್ಣೆ ಬಂದು ಅಳಿವೆಗೆ, ದೋಣಿಗಳಿಗೆ, ಕಾಂಡ್ಲಾ ಬೇರುಗಳಿಗೆ ಮೆತ್ತಿಕೊಂಡಿತು. ಅದೇ ತಿಂಗಳ 26ರ ರಾತ್ರಿ ಸಮುದ್ರದಡಿಯ ಕೊಳವೆಯಿಂದ ಅಮೋನಿಯಾ ಸೋರಿ ಪೆರಿಯಕುಪ್ಪಂ ಭಾಗದ ಜನ ಉಸಿರು ಕಟ್ಟಿ ಮನೆಬಿಟ್ಟು ಓಡಬೇಕಾಯಿತು, ಹಲವರು ಆಸ್ಪತ್ರೆ ಸೇರಿದರು.

ಪುಸ್ತಕ ವಾರಕ್ಕೆರಡು ಪೀರಿಯಡ್ ಹೇಳುತ್ತದೆ. ಕಿಟಕಿ ದಿನಪೂರ್ತಿ ಹೇಳುತ್ತದೆ. ಪುನರಾವರ್ತನೆಯೇ ಈ ಪದದ ಜೀವಾಳ ಎಂದಾದರೆ ಇಬ್ಬರಲ್ಲಿ ಗೆಲ್ಲುವವರು ಯಾರು ಎಂದು ಊಹಿಸುವುದು ಕಷ್ಟವಲ್ಲ.

ನಮ್ಮ ಸಂವಿಧಾನ ಬರೆದವರ ಮತ್ತು ತಿದ್ದಿದವರ ಪದ ಆಯ್ಕೆ ಇಲ್ಲಿ ಗಮನಿಸುವಂಥದ್ದು. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ 51ಎ ವಿಧಿ, ಅಂದರೆ ಮೂಲಭೂತ ಕರ್ತವ್ಯಗಳ ಪಟ್ಟಿ, ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ರಕ್ಷಿಸಿ ಉತ್ತಮಪಡಿಸುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುತ್ತದೆ. ವೈಜ್ಞಾನಿಕ ಮನೋಭಾವದ ಮಾತು ಬಂದಾಗ ಬಳಸಿರುವ ಇಂಗ್ಲಿಷ್ ಪದ ‘ಡೆವಲಪ್’, ಬೆಳೆಸಿಕೊಳ್ಳುವುದು. ಭಾಷಣಗಳಲ್ಲಿ ಮಾತ್ರ ಅದು ‘ಇನ್‌ಕಲ್ಕೇಟ್ ಸೈಂಟಿಫಿಕ್ ಟೆಂಪರ್’ ಆಗಿಬಿಡುತ್ತದೆ. ಪ್ರಶ್ನೆ ಕೇಳುವ ಗುಣವನ್ನು ಒತ್ತಿ ಒತ್ತಿ ಕೂರಿಸುವುದು ಹೇಗೆ ಎಂದು ಯಾರೂ ಯೋಚಿಸಿದಂತಿಲ್ಲ.

ತಿರುಗಿ ಒದ್ದ ಹಾಡು

ಹಿಮ್ಮಡಿಯ ಇನ್ನೊಂದು ಪದ ‘ರಿಕ್ಯಾಲ್ಸಿಟ್ರಂಟ್’ ಎಣ್ಣೂರಿನಲ್ಲೇ ಒಂದು ರೂಪ ಪಡೆಯಿತು. 2017ರ ಜನವರಿಯಲ್ಲಿ, ಪೊಂಗಲ್ ಹೊತ್ತಿಗೆ, ‘ಚೆನ್ನೈ ಪೊರಂಬೋಕ್ಕು ಪಾಡಲ್’ ಎಂಬ ವಿಡಿಯೊ ಹಾಡು ಬಿಡುಗಡೆಯಾಯಿತು. ಹಾಡಿದವರು ಕರ್ನಾಟಕ ಸಂಗೀತದ ಪ್ರಸಿದ್ಧ ಗಾಯಕ, 2016ರ ಮ್ಯಾಗ್ಸೆಸೆ ಪ್ರಶಸ್ತಿ ಪುರಸ್ಕೃತ ಟಿ.ಎಂ. ಕೃಷ್ಣ. ಬರೆದವರು ಕಬೇರ್ ವಾಸುಕಿ, ಹಿಂದೆ ನಿಂತವರು ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್, ನಿರ್ದೇಶಕ ರತೀಂದ್ರನ್ ಆರ್. ಪ್ರಸಾದ್. ಚಿತ್ರೀಕರಣ ನಡೆದದ್ದು ಸಭಾಭವನದಲ್ಲಲ್ಲ, ಎಣ್ಣೂರಿನ ಅಳಿವೆಯಲ್ಲಿ, ಚಿಮಣಿ, ಬೂದಿಗಳ ನಡುವೆ.

ಶಾಸ್ತ್ರೀಯ ಸಂಗೀತದ ಸಾಹಿತ್ಯ ಎಂದರೆ ದೇವರ ಸ್ತುತಿ, ತೆಲುಗು ಅಥವಾ ಸಂಸ್ಕೃತ, ಇಲ್ಲವೇ ಅಚ್ಚ ತಮಿಳು ಎಂಬ ಅಭ್ಯಾಸ ಬಲವಾಗಿರುವ ನಗರದಲ್ಲಿ ಈ ಹಾಡು ಚೆನ್ನೈ ಬೀದಿಯ ಆಡುತಮಿಳಿನಲ್ಲಿತ್ತು. ಆದರೆ ರಾಗಮಾಲಿಕೆಯಲ್ಲಿ! ಬೈಗುಳವಾಗಿದ್ದ ಪದ ರಾಗದಿಂದ ರಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಬಂದಾಗಲೂ ಅದರ ಹಳೆಯ ಅರ್ಥ, ಎಲ್ಲರಿಗೂ ಸೇರಿದ ಜಾಗ ಎಂಬ ಅರ್ಥ, ಸ್ವಲ್ಪ ಮೇಲೆ ಬರುತ್ತದೆ. ಹೇಳಿ ಹೇಳಿ ಕೆಡಿಸಿದ ಪದವನ್ನು ಹಾಡಿ ಹಾಡಿ ರಿಪೇರಿ ಮಾಡುವ ಪ್ರಯತ್ನ ಅದು. ತಂತ್ರ ಎರಡೂ ಕಡೆ ಒಂದೇ.

ಹಾಡಿನಿಂದ ಅಳಿವೆ ಉಳಿಯಿತೇ? ಎರಡು ವಾರ ಕಳೆಯುವಷ್ಟರಲ್ಲಿ ಹಡಗಿನ ಎಣ್ಣೆ ಬಂತು, ಆ ಮೇಲಿನದ್ದು ಮೇಲೆ ಹೇಳಿದ್ದಾಗಿದೆ. ಆದರೆ ಎಣ್ಣೂರು ಎಂಬ ಹೆಸರನ್ನೇ ಕೇಳದ ಎಷ್ಟೋ ಜನ ಆ ಹಾಡಿನಿಂದ ಅದನ್ನು ಕೇಳಿದರು. ಆ ಪದ ಬಳಸಿ ಬೈಯುವ ಮುನ್ನ ಕೆಲವರಾದರೂ ಒಂದು ಕ್ಷಣ ತಡೆದಿರಬಹುದು. ಕೃಷ್ಣ ಅವರನ್ನು ಮದ್ರಾಸ್ ಸಂಗೀತ ಅಕಾಡೆಮಿ 2024ರ ‘ಸಂಗೀತ ಕಲಾನಿಧಿ’ ಗೌರವಕ್ಕೆ ಆರಿಸಿದಾಗ ಎದ್ದ ಗದ್ದಲ ನೆನಪಿರುವವರಿಗೆ, ತಿರುಗಿ ಒದೆಯುವವರನ್ನು ಎಲ್ಲರೂ ಸುಲಭವಾಗಿ ಸಹಿಸುವುದಿಲ್ಲ ಎಂಬುದೂ ಗೊತ್ತು.

ನಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆ?

ಇದು ತಮಿಳುನಾಡಿನ ಪದ, ನಮಗೇಕೆ ಎನ್ನುವಂತಿಲ್ಲ. ಹಳೆಯ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಕಾಸರಗೋಡು ಭಾಗದಲ್ಲಿ ಸರ್ಕಾರಿ ಜಾಗಕ್ಕೆ ‘ಪರಂಬೋಕು’ ಎನ್ನುವುದು ಇಂದಿಗೂ ಇದೆ. ಅಲ್ಲಿನ ಹಳಬರಿಗೆ ರಸ್ತೆ ಬದಿಯ, ತೋಡಿನ ಬದಿಯ ಜಾಗದ ತಕರಾರು ಎಂದರೆ ಪರಂಬೋಕಿನ ತಕರಾರು.

ಉಳಿದ ಕರ್ನಾಟಕದ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ‘ಖರಾಬು’. ಅರಬ್ಬಿ ಮೂಲದಿಂದ ಬಂದ ಈ ಪದಕ್ಕೆ ಕೆಟ್ಟದ್ದು, ಹಾಳು ಎಂಬುದೇ ಅರ್ಥ. ತಮಿಳಿನವರು ಒಳ್ಳೆಯ ಪದವನ್ನು ಬೈಗುಳ ಮಾಡಲು ತಲೆಮಾರುಗಳನ್ನು ತೆಗೆದುಕೊಂಡರು. ನಮ್ಮ ದಾಖಲೆಯಲ್ಲಿ ಬೈಗುಳ ಮೊದಲೇ ಅಚ್ಚಾಗಿದೆ.

1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಖರಾಬಿನಲ್ಲಿ ಎರಡು ಬಗೆ. ಬಂಡೆ, ಕಣ, ಹೊಲಮನೆ ಮುಂತಾದ ಕಾರಣಕ್ಕೆ ಸಾಗುವಳಿಗೆ ಆಗದ ಜಾಗ ‘ಎ’ ಖರಾಬು. ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದದ್ದು ‘ಬಿ’ ಖರಾಬು. ರಸ್ತೆ, ಕಾಲುದಾರಿ, ಊರವರು ನೀರು ಬಳಸುವ ಕೆರೆ, ಹಳ್ಳ, ಸ್ಮಶಾನ ಎಲ್ಲ ಈ ಎರಡನೆಯದರಲ್ಲಿ ಬರುತ್ತವೆ. ಅಂದರೆ ಇಡೀ ಊರಿಗೆ ಬೇಕಾದ ಜಾಗದ ಅಧಿಕೃತ ಹೆಸರು ‘ಕೆಟ್ಟದ್ದು, ಬಿ ದರ್ಜೆ’.

ಬೆಂಗಳೂರಿನ ರಾಜಕಾಲುವೆಗಳ ಕಥೆ ಈ ಹೆಸರಿನ ನೆರಳಲ್ಲೇ ನಡೆದಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ಕಾಲುವೆಗಳ ಮೇಲೆ ಲೇಔಟ್‌ಗಳೆದ್ದವು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಮುಂದೆ ದೋಣಿ, ಟ್ರ್ಯಾಕ್ಟರ್ ಓಡಿದಾಗ ನಗರಕ್ಕೆ ರಾಜಕಾಲುವೆ ಎಂಬ ಪದ ಮತ್ತೆ ನೆನಪಾಯಿತು. ಜೆಸಿಬಿಗಳು ಬಂದವು, ಒಂದಷ್ಟು ಕಾಂಪೌಂಡ್ ಒಡೆದವು, ಸುದ್ದಿವಾಹಿನಿಗಳು ನೇರಪ್ರಸಾರ ಮಾಡಿದವು. ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ.

ನಿಮ್ಮ ಊರಿನ ಯಾವುದೇ ಸರ್ವೆ ನಂಬರಿನ ಪಹಣಿಯನ್ನು ‘ಭೂಮಿ’ ಜಾಲತಾಣದಲ್ಲಿ ತೆಗೆದು ನೋಡಿ. ವಿಸ್ತೀರ್ಣದ ಕಾಲಂನಲ್ಲಿ ಒಟ್ಟು ಎಷ್ಟು ಎಂಬುದರ ಕೆಳಗೆ ‘ಫೂಟ್ ಖರಾಬು’ ಎಂದು ಎರಡು ಸಾಲು ಕಾಣುತ್ತವೆ. ಎರಡನೇ ಸಾಲಿನಲ್ಲಿ ಅಂಕಿ ಇದ್ದರೆ, ಆ ಜಮೀನಿನೊಳಗೆ ಎಲ್ಲೋ ಒಂದು ದಾರಿಯೋ, ಹಳ್ಳವೋ, ಕಾಲುವೆಯೋ ಇದೆ ಅಥವಾ ಇತ್ತು ಎಂದು ಅರ್ಥ. ಕೊಳ್ಳುವ ಮುನ್ನ ಅದನ್ನು ಕಳೆದೇ ಲೆಕ್ಕ ಹಾಕಬೇಕು, ಅದು ಮಾರುವವರ ಸ್ವತ್ತಲ್ಲ.